ಹಳೆಯ ಮೋಟಾರು ಸೈಕಲ್ಲಿಗೆ ಹೊಸ ಬ್ರೇಕು: ಹೋಸ್, ಆಯಿಲ್ ಮತ್ತು ಪ್ಯಾಡುಗಳ ವಿಚಾರ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಪೈಕಿ ಹಲವರ ಮನೆಯ ಕೆಳಗೆ ಇಂದಿಗೂ ಒಂದು ಹಳೆಯ ಮೋಟಾರು ಸೈಕಲ್ಲು ನಿಂತಿರುತ್ತದೆ. ಉದ್ಯೋಗಕ್ಕೆ ಸೇರಿದ ಹೊಸದರಲ್ಲಿ ಕಂತಿನ ಮೇಲೆ ಕೊಂಡ ವಾಹನವದು. ಮನೆಗೆ ಕಾರು ಬಂದರೂ ಅದನ್ನು ಮಾರಲು ಮನಸ್ಸಾಗಿರುವುದಿಲ್ಲ. ಒಂದು ಕಾಲದಲ್ಲಿ ಅದರ ಟ್ಯಾಂಕಿನ ಮೇಲೆ ಕುಳಿತು ಶಾಲೆಗೆ ಹೋಗುತ್ತಿದ್ದ ಮಗನೋ ಮಗಳೋ ಇಂದು ಕಾಲೇಜು ಮುಗಿಸಿ, ಅದರ ಕೀಲಿಕೈಯನ್ನು ಕೇಳುತ್ತಿರುವುದೂ ಸಹಜವೇ.

ಹೀಗೆ ಹಳೆಯ ವಾಹನವನ್ನು ಮತ್ತೆ ರಸ್ತೆಗಿಳಿಸುವಾಗ ನಾವು ಸಾಮಾನ್ಯವಾಗಿ ಎಂಜಿನ್ನಿಗೆ ಹೊಸ ಆಯಿಲ್ ಹಾಕಿಸುತ್ತೇವೆ, ಬ್ಯಾಟರಿ ಬದಲಿಸುತ್ತೇವೆ, ಬಣ್ಣ ಹೊಡೆಸುತ್ತೇವೆ. ಬ್ರೇಕಿನ ವಿಷಯ ಬಂದಾಗ ಮಾತ್ರ ಲಿವರನ್ನೊಮ್ಮೆ ಒತ್ತಿ ನೋಡಿ, "ಹಿಡಿಯುತ್ತದೆ" ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ನಿಂತಲ್ಲಿ ಹಿಡಿಯುವ ಬ್ರೇಕು ಮಳೆಯಲ್ಲಿ, ಇಳಿಜಾರಿನಲ್ಲಿ, ಇಬ್ಬರು ಕುಳಿತಾಗಲೂ ಹಾಗೆಯೇ ಹಿಡಿಯುವುದೆಂಬ ಭರವಸೆ ಎಲ್ಲಿಯದು? ಡಿಸ್ಕ್ ಬ್ರೇಕಿರುವ ಹಳೆಯ ಮೋಟಾರು ಸೈಕಲ್ಲಿನ ಹೋಸ್ ಮತ್ತು ಪ್ಯಾಡುಗಳನ್ನು ಬದಲಿಸುವ, ಉತ್ತಮಪಡಿಸುವ ಬಗೆಯನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ದೇಶದ ರಸ್ತೆಗಳಲ್ಲಿ ಡಿಸ್ಕ್ ಬ್ರೇಕಿನ ಮೋಟಾರು ಸೈಕಲ್ಲುಗಳು ಜನಪ್ರಿಯವಾದದ್ದು ಕಳೆದ ಶತಮಾನದ ಕೊನೆಯ ಹೊತ್ತಿಗೆ. 1999ರಲ್ಲಿ ಬಂದ ಹೀರೋ ಹೋಂಡಾ ಸಿಬಿಝಡ್, 2003ರಲ್ಲಿ ಬಂದ ಕರಿಜ್ಮಾ ಮೊದಲಾದವು ಆ ಪೀಳಿಗೆಗೆ ಸೇರಿದವು. ಅವುಗಳಿಗೀಗ ಇಪ್ಪತ್ತು ವರ್ಷ ಮೀರಿದೆ. ಅನೇಕ ವಾಹನಗಳಲ್ಲಿ ಕಾರ್ಖಾನೆಯಲ್ಲಿ ಜೋಡಿಸಿದ ಹೋಸ್ ಇಂದಿಗೂ ಹಾಗೆಯೇ ಉಳಿದಿರುವುದು ಆಶ್ಚರ್ಯವೇನಲ್ಲ.

ಲೆಕ್ಕ ಏನು ಹೇಳುತ್ತದೆ?

ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗೆ ಅಪಾಯ ಕಂಡು ಬೆರಳು ಲಿವರನ್ನು ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಕಳೆಯಿತೆಂದರೆ ವಾಹನ 17 ಮೀಟರ್ ಮುಂದೆ ಹೋಗಿರುತ್ತದೆ. ಅನಂತರ ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕು ಮತ್ತು ಒಳ್ಳೆಯ ಟಯರುಗಳಿದ್ದರೆ, ಇನ್ನೂ ಸುಮಾರು 20 ಮೀಟರಿನಲ್ಲಿ ನಿಲ್ಲಬಹುದು. ಬ್ರೇಕು ಸೊರಗಿ ಅದರ ಹಿಡಿತ ನೂರಕ್ಕೆ ನಲವತ್ತರಷ್ಟು ಕುಗ್ಗಿದ್ದರೆ ಅದೇ 20 ಮೀಟರ್ 33 ಮೀಟರಿಗಿಂತ ಹೆಚ್ಚಾಗುತ್ತದೆ. ವ್ಯತ್ಯಾಸ ಒಂದು ನಗರ ಸಾರಿಗೆ ಬಸ್ಸಿನ ಉದ್ದದಷ್ಟು! ರಸ್ತೆ ದಾಟುತ್ತಿರುವ ಮಗುವೊಂದಕ್ಕೆ ಆ ಒಂದು ಬಸ್ಸಿನ ಉದ್ದ ಎಷ್ಟು ದೊಡ್ಡದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಅಂಶವೂ ಉಂಟು. ವಾಹನದ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸವಾರನೂ ಸೇರಿ 220 ಕಿಲೋ ತೂಗುವ ಮೋಟಾರು ಸೈಕಲ್ಲು 60 ಕಿ.ಮೀ. ವೇಗದಲ್ಲಿ ಸುಮಾರು 30 ಸಾವಿರ ಜೂಲ್ ಶಕ್ತಿಯನ್ನು ಹೊತ್ತಿರುತ್ತದೆ, 80 ಕಿ.ಮೀ. ವೇಗದಲ್ಲಿ ಅದು 54 ಸಾವಿರ ದಾಟುತ್ತದೆ. ನಿಲ್ಲಿಸುವಾಗ ಈ ಶಕ್ತಿಯ ಬಹುಪಾಲು ಶಾಖವಾಗಿ ಬ್ರೇಕಿನೊಳಗೇ ಇಳಿಯುತ್ತದೆ. ಬ್ರೇಕಿನ ಪ್ರತಿಯೊಂದು ಭಾಗವೂ ಈ ಶಾಖವನ್ನು ಸಹಿಸಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆಯೇ ಆಗಿದೆ.

ಡಿಸ್ಕ್ ಬ್ರೇಕು ಕೆಲಸ ಮಾಡುವ ಬಗೆ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲ್ ಅವರ ಈ ನಿಯಮವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹ್ಯಾಂಡಲಿನ ಮೇಲಿರುವ ಮಾಸ್ಟರ್ ಸಿಲಿಂಡರಿನ ಸಣ್ಣ ಪಿಸ್ಟನ್ ದ್ರವವನ್ನು ಒತ್ತುತ್ತದೆ. ಆ ಒತ್ತಡ ಹೋಸ್ ಮೂಲಕ ಚಕ್ರದ ಬಳಿಯಿರುವ ಕ್ಯಾಲಿಪರಿಗೆ ತಲುಪಿ, ಅಲ್ಲಿನ ದೊಡ್ಡ ಪಿಸ್ಟನ್ನುಗಳನ್ನು ತಳ್ಳುತ್ತದೆ. ಸಣ್ಣ ಪಿಸ್ಟನ್ನಿನ ವಿಸ್ತೀರ್ಣ ಒಂದು ಪಾಲಾಗಿ, ಕ್ಯಾಲಿಪರಿನದು ಐದು ಪಾಲಾಗಿದ್ದರೆ ಬಲವೂ ಐದು ಪಟ್ಟಾಗುತ್ತದೆ. ಈ ಬಲದಿಂದ ಪ್ಯಾಡುಗಳು ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುತ್ತವೆ.

ದ್ರವ ಕುಗ್ಗುವುದಿಲ್ಲ, ಕೊಳವೆ ಉಬ್ಬುವುದಿಲ್ಲ ಎಂಬ ಎರಡು ನಂಬಿಕೆಗಳ ಮೇಲೆ ಈ ಇಡೀ ವ್ಯವಸ್ಥೆ ನಿಂತಿದೆ. ವಾಹನ ಹಳೆಯದಾದಂತೆ ಈ ಎರಡು ನಂಬಿಕೆಗಳೂ ಸಡಿಲವಾಗುತ್ತವೆ.

ರಬ್ಬರ್ ಹೋಸಿನ ಮುಪ್ಪು

ಕಾರ್ಖಾನೆಯಿಂದ ಬರುವ ಹೋಸ್ ಸಾಮಾನ್ಯವಾಗಿ ಮೂರು ಪದರಗಳದ್ದು: ಒಳಗೆ ರಬ್ಬರ್, ನಡುವೆ ನೂಲಿನ ಹೆಣಿಗೆ, ಹೊರಗೆ ಮತ್ತೆ ರಬ್ಬರ್. ಬಿಸಿಲು, ಮಳೆ, ಎಂಜಿನ್ನಿನ ಶಾಖ ಹಾಗೂ ಹ್ಯಾಂಡಲನ್ನು ತಿರುಗಿಸುವಾಗಲೆಲ್ಲ ಬೀಳುವ ಬಾಗು, ಇವೆಲ್ಲ ಸೇರಿ ರಬ್ಬರಿನ ಕಸುವನ್ನು ಕಳೆಯುತ್ತವೆ. ಹೊರಮೈಯಲ್ಲಿ ಬಿರುಕು ಮೂಡುವುದು ಒಂದು ಬಗೆಯ ಮುಪ್ಪು. ಒಳಪದರ ಊದಿಕೊಂಡು ದಾರಿಯನ್ನು ಕಿರಿದಾಗಿಸುವುದು ಇನ್ನೊಂದು ಬಗೆ. ಎರಡನೆಯದು ಕಣ್ಣಿಗೆ ಕಾಣದು. ಕೈಯ ಬಲಕ್ಕೆ ದ್ರವ ಕೆಳಗಿಳಿಯುತ್ತದೆ, ಆದರೆ ಲಿವರ್ ಬಿಟ್ಟಾಗ ಬೇಗ ಹಿಂದಿರುಗುವುದಿಲ್ಲ. ಬ್ರೇಕು ಹಿಡಿದುಕೊಂಡೇ ಇರುತ್ತದೆ.

ಅನೇಕ ತಯಾರಕರ ಕೈಪಿಡಿಗಳು ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ, ಹೋಸನ್ನು ನಾಲ್ಕು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಹೇಳುತ್ತವೆ. ವಾಹನ ಓಡಲಿ ಬಿಡಲಿ, ಈ ಅವಧಿ ಓಡುತ್ತಲೇ ಇರುತ್ತದೆ. ಬ್ಯಾಂಕಿನವರ ಭಾಷೆಯಲ್ಲಿ ಹೇಳುವುದಾದರೆ, ಖಾತೆಯಲ್ಲಿ ವಹಿವಾಟು ಇಲ್ಲವೆಂದ ಮಾತ್ರಕ್ಕೆ ಸಾಲದ ಬಡ್ಡಿ ನಿಲ್ಲುವುದಿಲ್ಲ!

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು ಇಂತಿವೆ. ಒಬ್ಬರು ಲಿವರನ್ನು ಬಲವಾಗಿ ಒತ್ತಿ ಹಿಡಿದಿರಲಿ. ಇನ್ನೊಬ್ಬರು ಹೋಸಿನ ಉದ್ದಕ್ಕೂ ಬೆರಳಾಡಿಸಿ ಎಲ್ಲಿಯಾದರೂ ಉಬ್ಬುತ್ತಿದೆಯೇ, ಎರಡು ತುದಿಗಳಲ್ಲಿ ತೇವವಿದೆಯೇ ಎಂದು ನೋಡಲಿ. ಒಂದು ನಿಮಿಷ ಹಾಗೆಯೇ ಒತ್ತಿ ಹಿಡಿದಾಗ ಲಿವರ್ ನಿಧಾನವಾಗಿ ಹ್ಯಾಂಡಲಿನ ಕಡೆಗೆ ಜಾರುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿದೆ ಎಂದರ್ಥ. ಬಳಿಕ ಮುಂಚಕ್ರವನ್ನು ಎತ್ತಿ ನಿಲ್ಲಿಸಿ, ಬ್ರೇಕು ಒತ್ತಿ ಬಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಬೇಕು. ಸಲೀಸಾಗಿ ತಿರುಗದಿದ್ದರೆ ಹೋಸಿನ ಒಳದಾರಿಯೋ ಕ್ಯಾಲಿಪರಿನ ಪಿಸ್ಟನ್ನೋ ಕಟ್ಟಿಕೊಂಡಿರುವ ಸಂಭವವಿದೆ.

ಉಕ್ಕಿನ ಹೆಣಿಗೆಯ ಹೋಸ್

ರಬ್ಬರ್ ಹೋಸಿನ ಬದಲಿಗೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯಿಂದ ಹೆಣೆದ ಹೋಸನ್ನು ಹಾಕಿಸುವುದು ಇಂದು ಸಾಮಾನ್ಯವಾಗಿದೆ. ಇದರ ಒಳಕೊಳವೆ ಟೆಫ್ಲಾನಿನದು. ನಮ್ಮ ಅಡುಗೆಮನೆಯ ದೋಸೆ ತವೆಗೆ ಬಳಿಯುವ ವಸ್ತುವೇ ಇದು. ಟೆಫ್ಲಾನ್ ಬ್ರೇಕ್ ಆಯಿಲಿಗೆ ಜಗ್ಗುವುದಿಲ್ಲ; ಹೊರಗಿನ ಉಕ್ಕಿನ ಹೆಣಿಗೆ ಅದನ್ನು ಉಬ್ಬಲು ಬಿಡುವುದಿಲ್ಲ. ಹೀಗಾಗಿ ಬೆರಳಿನ ಒತ್ತಡ ಪೋಲಾಗದೆ ಕ್ಯಾಲಿಪರಿಗೆ ತಲುಪುತ್ತದೆ. ಲಿವರ್ ಗಟ್ಟಿಯಾಗಿ, ಒತ್ತಿದಷ್ಟೇ ಉತ್ತರ ಕೊಡುವಂತೆ ಭಾಸವಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಉಕ್ಕಿನ ಹೋಸ್ ತಾನಾಗಿಯೇ ಬ್ರೇಕಿನ ಬಲವನ್ನು ಇಮ್ಮಡಿಗೊಳಿಸುವುದಿಲ್ಲ. ಪಿಸ್ಟನ್ನುಗಳ ಅಳತೆ ಮೊದಲಿನಂತೆಯೇ ಇರುವುದರಿಂದ ಬಲದ ಲೆಕ್ಕವೂ ಮೊದಲಿನದೇ. ಲಿವರಿನ ವ್ಯರ್ಥ ಚಲನೆ ಕಡಿಮೆಯಾಗುವುದು ಮತ್ತು ಸವಾರನಿಗೆ ಹಿಡಿತದ ಅಂದಾಜು ಸ್ಪಷ್ಟವಾಗುವುದು, ಇವೇ ಅದರ ನಿಜವಾದ ಲಾಭ. ನಗರದೊಳಗೆ ನಿಧಾನವಾಗಿ ಓಡಿಸುವವರಿಗೆ ತಯಾರಕರ ಮೂಲ ರಬ್ಬರ್ ಹೋಸನ್ನೇ ಹೊಸದಾಗಿ ಹಾಕಿಸಿದರೂ ಸಾಕು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು ಕೆಲವಿವೆ. ಉದ್ದವು ಹಳೆಯದಕ್ಕೆ ಸರಿಸಮನಾಗಿರಬೇಕು. ಹ್ಯಾಂಡಲನ್ನು ಎಡಬಲಕ್ಕೆ ಪೂರ್ತಿ ತಿರುಗಿಸಿದಾಗಲೂ, ಮುಂದಿನ ಶಾಕ್ ಅಬ್ಸಾರ್ಬರ್ ಪೂರ್ತಿ ಮೇಲೆದ್ದಾಗಲೂ ಹೋಸ್ ಬಿಗಿಯಬಾರದು. ಉಕ್ಕಿನ ಹೆಣಿಗೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರಬೇಕು. ಇಲ್ಲದಿದ್ದರೆ ತಂತಿಯು ಗರಗಸದಂತೆ ಪಕ್ಕದ ಭಾಗಗಳನ್ನು ಉಜ್ಜಿ ತಿನ್ನುತ್ತದೆ, ಹೆಣಿಗೆಯ ಸಂದುಗಳಲ್ಲಿ ಮಣ್ಣೂ ಸೇರುತ್ತದೆ. ತುದಿಯ ಬೋಲ್ಟಿನ ಮರೆಯ ಅಳತೆಯೂ ಮುಖ್ಯ. ಜಪಾನೀ ಮೂಲದ ವಾಹನಗಳಲ್ಲಿ 10 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 1.25 ಮಿ.ಮೀ. ಮರೆ, ಐರೋಪ್ಯ ಭಾಗಗಳಲ್ಲಿ ಹೆಚ್ಚಾಗಿ 1 ಮಿ.ಮೀ. ಮರೆ ಇರುತ್ತದೆ. ಒಂದಕ್ಕೆ ಇನ್ನೊಂದನ್ನು ಬಲವಂತವಾಗಿ ತಿರುಗಿಸಿದರೆ ಮಾಸ್ಟರ್ ಸಿಲಿಂಡರೇ ಹಾಳಾಗುತ್ತದೆ.

ಬ್ರೇಕ್ ಆಯಿಲ್ ಎಂಬ ಮರೆತ ಭಾಗ

ರೂಢಿಯಲ್ಲಿ 'ಆಯಿಲ್' ಎಂದರೂ ಇದು ಎಂಜಿನ್ ಆಯಿಲಿನಂತಹ ವಸ್ತುವಲ್ಲ. ಎಂಜಿನ್ ಆಯಿಲನ್ನು ಅಪ್ಪಿತಪ್ಪಿ ಇದರಲ್ಲಿ ಸುರಿದರೆ ಒಳಗಿನ ರಬ್ಬರುಗಳೆಲ್ಲ ಊದಿ ಕೆಡುತ್ತವೆ. ನಮ್ಮ ವಾಹನಗಳಲ್ಲಿ ಬಳಸುವ ಡಾಟ್ 3 ಮತ್ತು ಡಾಟ್ 4 ದರ್ಜೆಯ ಬ್ರೇಕ್ ದ್ರವಗಳು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದವು. ಹೊಸ ಡಾಟ್ 4 ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಇರಬೇಕಾದ ಕನಿಷ್ಠ ಮಿತಿ 155 ಡಿಗ್ರಿಯಷ್ಟೇ. ಡಾಟ್ 3ರಲ್ಲಿ ಇದೇ ಅಂಕಿಗಳು 205 ಮತ್ತು 140.

ಮುಂಬಯಿಯ ಮಳೆಗಾಲವನ್ನೂ ಕರಾವಳಿಯ ತೇವವನ್ನೂ ಬಲ್ಲ ನಮಗೆ ಇದರ ಮಹತ್ವ ಬೇಗ ತಿಳಿಯುತ್ತದೆ. ಹಲವು ಮಳೆಗಾಲಗಳನ್ನು ಕಂಡ ದ್ರವದೊಂದಿಗೆ ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವ ಸವಾರನನ್ನು ಊಹಿಸಿಕೊಳ್ಳಿ. ತಿರುವು ತಿರುವಿಗೂ ಬ್ರೇಕು ಒತ್ತುತ್ತಾ ಇಳಿದಂತೆ ಕ್ಯಾಲಿಪರ್ ಕಾದು, ದ್ರವದೊಳಗಿನ ನೀರು ಆವಿಯ ಗುಳ್ಳೆಗಳಾಗುತ್ತದೆ. ದ್ರವ ಕುಗ್ಗದು, ಗುಳ್ಳೆ ಕುಗ್ಗುತ್ತದೆ. ಅಲ್ಲಿಯವರೆಗೂ ಹಿಡಿಯುತ್ತಿದ್ದ ಬ್ರೇಕಿನ ಲಿವರ್ ಮುಂದಿನ ತಿರುವಿನಲ್ಲಿ ಹ್ಯಾಂಡಲಿಗೇ ತಗಲುತ್ತದೆ. ಕೆಳಗಿಳಿದು ತಣಿದ ಮೇಲೆ ಮತ್ತೆ ಸರಿಯಾಗಿಯೇ ಕಾಣುವುದರಿಂದ, ಗ್ಯಾರೇಜಿನಲ್ಲಿ ಈ ದೋಷ ಪತ್ತೆಯಾಗುವುದೂ ಕಷ್ಟ.

ಆದ್ದರಿಂದ ಹೋಸ್ ಬದಲಿಸುವಾಗ ಹೊಸ, ಸೀಲು ಒಡೆಯದ ಡಬ್ಬಿಯ ದ್ರವವನ್ನೇ ಹಾಕಿಸಬೇಕು. ಯಾವ ದರ್ಜೆಯದು ಬೇಕೆಂಬುದನ್ನು ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೆಯೇ ಬರೆದಿರುತ್ತಾರೆ. ಡಾಟ್ 5 ಎಂಬುದು ಸಿಲಿಕೋನ್ ಮೂಲದ್ದು. ಅದನ್ನು ಇವುಗಳೊಂದಿಗೆ ಬೆರೆಸಕೂಡದು. ಹೆಸರು ಹತ್ತಿರವಿದ್ದರೂ ಡಾಟ್ 5.1 ಬೇರೆಯದು. ಈ ದ್ರವ ಬಣ್ಣವನ್ನು ತಿನ್ನುವುದರಿಂದ ಟ್ಯಾಂಕಿನ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಬೇಕು.

ಪ್ಯಾಡುಗಳ ಆಯ್ಕೆ

ಪ್ಯಾಡುಗಳಲ್ಲಿ ಮುಖ್ಯವಾಗಿ ಮೂರು ಬಗೆ. ನಾರು ಮತ್ತು ರಾಳಗಳನ್ನು ಬೆಸೆದ ಆರ್ಗ್ಯಾನಿಕ್ ಪ್ಯಾಡುಗಳು ಸದ್ದು ಮಾಡುವುದಿಲ್ಲ, ಡಿಸ್ಕನ್ನು ಹೆಚ್ಚು ಸವೆಸುವುದಿಲ್ಲ. ಆದರೆ ತಾವು ಬೇಗ ಸವೆಯುತ್ತವೆ, ಅತಿ ಶಾಖದಲ್ಲಿ ಹಿಡಿತ ಕಳೆದುಕೊಳ್ಳುತ್ತವೆ. ಲೋಹದ ಪುಡಿಯನ್ನು ಶಾಖ ಮತ್ತು ಒತ್ತಡದಿಂದ ಬೆಸೆದ ಸಿಂಟರ್ಡ್ ಪ್ಯಾಡುಗಳು ಮಳೆಯಲ್ಲಿಯೂ ಶಾಖದಲ್ಲಿಯೂ ಚೆನ್ನಾಗಿ ಹಿಡಿಯುತ್ತವೆ, ಬಾಳಿಕೆಯೂ ಹೆಚ್ಚು. ಆದರೆ ಅಂಥ ಪ್ಯಾಡಿಗೆಂದು ತಯಾರಾಗದ ಹಳೆಯ ಡಿಸ್ಕನ್ನು ಅವು ಬೇಗ ತಿನ್ನುತ್ತವೆ. ಇವೆರಡರ ನಡುವಣದು ಸೆಮಿ ಮೆಟಾಲಿಕ್. ನೂರೈವತ್ತು ಸಿ.ಸಿ.ಯ ಆಸುಪಾಸಿನ ಹಳೆಯ ವಾಹನಕ್ಕೆ ತಯಾರಕರ ಮೂಲ ಪ್ಯಾಡು, ಅಥವಾ ಹೆಸರಾಂತ ಕಂಪನಿಯ ಆರ್ಗ್ಯಾನಿಕ್ ಇಲ್ಲವೇ ಸೆಮಿ ಮೆಟಾಲಿಕ್ ಪ್ಯಾಡು ಸಾಕೆಂಬುದು ನಮ್ಮ ಅಭಿಪ್ರಾಯ.

ಕೆಲವು ಪ್ಯಾಡುಗಳ ಬೆನ್ನಿನ ಮೇಲೆ 'ಎಫ್‌ಎಫ್', 'ಜಿಜಿ', 'ಎಚ್‌ಎಚ್' ಎಂಬ ಜೋಡಿ ಅಕ್ಷರಗಳಿರುತ್ತವೆ. ಮೊದಲನೆಯದು ಸಾಧಾರಣ ಶಾಖದಲ್ಲಿನ ಘರ್ಷಣೆಯನ್ನೂ ಎರಡನೆಯದು ಹೆಚ್ಚಿನ ಶಾಖದಲ್ಲಿನ ಘರ್ಷಣೆಯನ್ನೂ ಸೂಚಿಸುತ್ತದೆ. 'ಎಫ್' ಎಂದರೆ ಘರ್ಷಣಾಂಕ 0.35ರಿಂದ 0.45, 'ಜಿ' ಎಂದರೆ 0.45ರಿಂದ 0.55, 'ಎಚ್' ಎಂದರೆ ಅದಕ್ಕೂ ಮೇಲೆ. ಅಕ್ಷರ ಮುಂದೆ ಹೋದಷ್ಟೂ ಕಚ್ಚುವಿಕೆ ಹೆಚ್ಚು. ಆದರೆ ಬ್ರೇಕಿನ ಆಯುಷ್ಯ, ಸದ್ದು, ಡಿಸ್ಕಿನ ಸವೆತಗಳ ಬಗ್ಗೆ ಈ ಅಕ್ಷರಗಳು ಏನೂ ಹೇಳುವುದಿಲ್ಲ.

ಪುಣೆಯ ನಾನಾ ಪೇಠ್, ದಿಲ್ಲಿಯ ಕರೋಲ್ ಬಾಗ್, ಚೆನ್ನೈಯ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆಗಳಲ್ಲಿ ಬಿಡಿಭಾಗಗಳ ಅಂಗಡಿಗಳಿಗೆ ಬರವಿಲ್ಲ. ಅಸಲಿಯ ಜೊತೆ ನಕಲಿಯೂ ಮಾರಾಟವಾಗುವುದು ಇಂತಹ ಪೇಟೆಗಳಲ್ಲಿಯೇ. ನೋಟನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸವುಳ್ಳ ನಾವು, ಪ್ಯಾಡಿನ ಪೊಟ್ಟಣವನ್ನೂ ಹಾಗೆಯೇ ತಿರುಗಿಸಿ ನೋಡುವುದು ಒಳ್ಳೆಯದು. ಭಾಗದ ಸಂಖ್ಯೆ, ತಯಾರಿಕೆಯ ತಿಂಗಳು, ಗರಿಷ್ಠ ಮಾರಾಟ ಬೆಲೆ, ಮುದ್ರಣದ ಸ್ಪಷ್ಟತೆ ಇವನ್ನು ಪರಿಶೀಲಿಸಿ, ರಸೀದಿಯನ್ನು ಕೇಳಿ ಪಡೆಯಬೇಕು. ಪ್ಯಾಡು ಮತ್ತು ದ್ರವಗಳ ವೆಚ್ಚ ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗಳೊಳಗೆ ಮುಗಿಯುತ್ತದೆ. ಇಲ್ಲಿ ಉಳಿಸುವ ಐವತ್ತು ರೂಪಾಯಿ ಉಳಿತಾಯವೆನಿಸದು.

ಜೋಡಣೆಯ ಕ್ರಮ

ಈ ಕೆಲಸವನ್ನು ಅನುಭವಸ್ಥ ಮೆಕ್ಯಾನಿಕ್ ಕೈಯಿಂದಲೇ ಮಾಡಿಸಬೇಕು. ಆದರೂ ಪಕ್ಕದಲ್ಲಿ ನಿಂತು ಏನನ್ನು ಗಮನಿಸಬೇಕೆಂಬುದು ನಮಗೆ ತಿಳಿದಿರಲಿ.

ಮೊದಲನೆಯದಾಗಿ, ಹಳೆಯ ಪ್ಯಾಡಿನ ಧೂಳನ್ನು ಗಾಳಿ ಹಾಯಿಸಿ ಹಾರಿಸಬಾರದು. ಹಳೆಯ ಪ್ಯಾಡುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರುವ ಸಾಧ್ಯತೆಯುಂಟು. ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿ. ಎರಡನೆಯದಾಗಿ, ಡಿಸ್ಕಿನ ದಪ್ಪವನ್ನು ಅಳೆಯಬೇಕು. ಕನಿಷ್ಠ ದಪ್ಪ ಎಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ. ಅದಕ್ಕಿಂತ ಸವೆದಿದ್ದರೆ ಹೊಸ ಪ್ಯಾಡು ಹಾಕಿಯೂ ಪ್ರಯೋಜನವಿಲ್ಲ. ಮೂರನೆಯದಾಗಿ, ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಶುಚಿಗೊಳಿಸಿ ಅದಕ್ಕೆಂದೇ ಇರುವ ಸಿಲಿಕೋನ್ ಗ್ರೀಸನ್ನು ಸವರಬೇಕು. ಸಾಮಾನ್ಯ ಗ್ರೀಸು ರಬ್ಬರನ್ನು ಕೆಡಿಸುತ್ತದೆ. ಪ್ಯಾಡಿನ ಮುಖಕ್ಕಾಗಲಿ ಡಿಸ್ಕಿಗಾಗಲಿ ಗ್ರೀಸಿನ ಕೈ ತಗಲಕೂಡದು.

ಹೋಸಿನ ಎರಡು ತುದಿಗಳಲ್ಲಿರುವ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರುಗಳು ಒಮ್ಮೆ ಬಿಗಿದಾಗ ಚಪ್ಪಟೆಯಾಗಿ ಸೋರಿಕೆಯನ್ನು ತಡೆಯುತ್ತವೆ. ಅವನ್ನು ಎರಡನೆಯ ಸಲ ಬಳಸುವಂತಿಲ್ಲ. ಒಂದೊಂದು ಬೋಲ್ಟಿಗೂ ಎರಡೆರಡು ಹೊಸ ವಾಷರ್ ಬೇಕು. ಬಿಗಿತವೂ ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು; ಅತಿಯಾಗಿ ಬಿಗಿದರೆ ಟೊಳ್ಳಾದ ಆ ಬೋಲ್ಟು ತುಂಡಾದೀತು.

ಅನಂತರ ಏರ್ ತೆಗೆಯುವ ಕೆಲಸ. ಕ್ಯಾಲಿಪರಿನ ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ತೊಡಿಸಿ, ಅದರ ತುದಿಯನ್ನು ಸ್ವಲ್ಪ ಬ್ರೇಕ್ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಬೇಕು. ಲಿವರನ್ನು ಒತ್ತಿ ಹಿಡಿದು, ನಿಪ್ಪಲನ್ನು ತುಸು ಸಡಿಲಿಸಿ, ಮತ್ತೆ ಬಿಗಿದ ಮೇಲೆಯೇ ಲಿವರನ್ನು ಬಿಡಬೇಕು. ಗುಳ್ಳೆಗಳು ಬರುವುದು ನಿಂತು, ಲಿವರ್ ಗಟ್ಟಿಯಾಗುವವರೆಗೂ ಇದನ್ನು ಪುನರಾವರ್ತಿಸಬೇಕು. ಈ ನಡುವೆ ಮೇಲಿನ ಡಬ್ಬಿ ಬರಿದಾದರೆ ಗಾಳಿ ಮತ್ತೆ ಒಳನುಗ್ಗಿ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಒಂದು ಮಾತನ್ನು ಮರೆಯಲೇಬಾರದು. ಹೊಸ ಪ್ಯಾಡು ಹಾಕಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುವುದರಿಂದ ಮೊದಲ ಒಂದೆರಡು ಬಾರಿ ಲಿವರ್ ಒತ್ತಿದಾಗ ಬ್ರೇಕು ಹಿಡಿಯುವುದೇ ಇಲ್ಲ. ಗ್ಯಾರೇಜಿನಿಂದ ಹೊರಡುವ ಮುನ್ನ ನಿಂತಲ್ಲಿಯೇ ಹಲವು ಬಾರಿ ಒತ್ತಿ, ಗಟ್ಟಿಯಾದದ್ದನ್ನು ಖಚಿತಪಡಿಸಿಕೊಂಡೇ ಹೊರಡಬೇಕು. ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಸಮಯ ಬೇಕಾದ್ದರಿಂದ ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಹದವಾಗಿ ವೇಗ ತಗ್ಗಿಸುವುದನ್ನು, ನಡುವೆ ತಣಿಯಲು ಬಿಟ್ಟು, ಹತ್ತಾರು ಬಾರಿ ಮಾಡಬೇಕು. ಮೊದಲ ಕೆಲವು ದಿನ ಮುಂದಿನ ವಾಹನದಿಂದ ಹೆಚ್ಚು ಅಂತರವಿರಲಿ.

ಮೈಸೂರಿನ ವಾಹನಗಳ ಮಾತು

ಕನ್ನಡಿಗರ ಮನೆಯಲ್ಲಿ ಹಳೆಯ ಮೋಟಾರು ಸೈಕಲ್ಲೆಂದಾಗ ಮೈಸೂರಿನ ಜಾವಾ ಮತ್ತು ಯೆಜ್ಡಿಗಳ ನೆನಪಾಗದಿರದು. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಆ ವಾಹನಗಳಿಗೆ ಇರುವುದು ಡ್ರಮ್ ಬ್ರೇಕು. ಅಲ್ಲಿ ದ್ರವವೂ ಇಲ್ಲ, ಪ್ಯಾಡೂ ಇಲ್ಲ. ಆದರೆ ಮುಪ್ಪಿನ ನಿಯಮ ಅಲ್ಲಿಗೂ ಅನ್ವಯಿಸುತ್ತದೆ. ಹೋಸಿನ ಸ್ಥಾನದಲ್ಲಿ ಕೇಬಲ್, ಪ್ಯಾಡಿನ ಸ್ಥಾನದಲ್ಲಿ ಬ್ರೇಕ್ ಶೂ. ಎಳೆ ಬಿಟ್ಟ ಕೇಬಲನ್ನು ಬದಲಿಸುವುದು, ಗಾಜಿನಂತೆ ನುಣುಪಾದ ಶೂಗಳನ್ನು ತೆಗೆದು ಹೊಸದನ್ನು ಹಾಕಿಸುವುದು, ಡ್ರಮ್ಮಿನ ಒಳಮೈ ದುಂಡಗಿದೆಯೇ ಎಂದು ನೋಡಿಸುವುದು, ಇಷ್ಟರಿಂದಲೇ ಅವುಗಳ ಹಿಡಿತ ಬಹಳಷ್ಟು ಸುಧಾರಿಸುತ್ತದೆ.

ಡ್ರಮ್ಮನ್ನು ತೆಗೆದು ಬೇರೆ ವಾಹನದ ಡಿಸ್ಕನ್ನು ಕೂರಿಸುವ ಸಾಹಸಕ್ಕೆ ಕೈಹಾಕುವ ಮುನ್ನ ಕಾನೂನನ್ನೂ ತಿಳಿಯುವುದು ಉಚಿತ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಸವೆದ ಹೋಸ್ ಮತ್ತು ಪ್ಯಾಡುಗಳನ್ನು ಅದೇ ಅಳತೆಯ ಹೊಸದರಿಂದ ಬದಲಿಸುವುದು ದುರಸ್ತಿ. ಬ್ರೇಕಿನ ಬಗೆಯನ್ನೇ ಬದಲಿಸುವುದು ಬೇರೆಯೇ ವಿಷಯ. ಹದಿನೈದು ವರ್ಷ ಮುಗಿದ ವಾಹನದ ನೋಂದಣಿಯನ್ನು ನವೀಕರಿಸುವಾಗ ತಪಾಸಣೆ ನಡೆಯುವುದರಿಂದ ಈ ವ್ಯತ್ಯಾಸ ಅಲ್ಲಿಯೂ ಎದುರಾಗಬಹುದು.

ಕೊನೆಯ ಕೊಂಡಿ ಟಯರು

ಬ್ರೇಕು ನಿಲ್ಲಿಸುವುದು ಚಕ್ರವನ್ನು. ವಾಹನವನ್ನು ನಿಲ್ಲಿಸುವುದು ಟಯರು. 125 ಸಿ.ಸಿ.ಗಿಂತ ದೊಡ್ಡ ದ್ವಿಚಕ್ರ ವಾಹನಗಳಿಗೆ ಎಬಿಎಸ್ ವ್ಯವಸ್ಥೆ ಕಡ್ಡಾಯವಾದದ್ದು ಹೊಸ ಮಾದರಿಗಳಿಗೆ 2018ರ ಏಪ್ರಿಲಿನಿಂದ, ಉಳಿದವುಗಳಿಗೆ 2019ರ ಏಪ್ರಿಲಿನಿಂದ. ನಮ್ಮ ಹಳೆಯ ವಾಹನಗಳಲ್ಲಿ ಅದಿಲ್ಲ. ಬಲವಾದ ಹೊಸ ಬ್ರೇಕನ್ನು ಗಾಬರಿಯಿಂದ ಒತ್ತಿದರೆ ಚಕ್ರ ಕಚ್ಚಿಕೊಂಡು ಜಾರುವ ಅಪಾಯ ಮೊದಲಿಗಿಂತ ಹೆಚ್ಚು. ಆದ್ದರಿಂದ ಟಯರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದಬೇಕು. '2319' ಎಂದಿದ್ದರೆ ಅದು 2019ರ 23ನೆಯ ವಾರ ತಯಾರಾದದ್ದು. ನಿಂತ ವಾಹನದ ಟಯರು ಸವೆಯದೆ ಹೊಸದರಂತೆ ಕಂಡರೂ, ವರ್ಷಗಳುರುಳಿದಂತೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಓದುಗರ ಅನುಕೂಲಕ್ಕಾಗಿ ಆದ್ಯತೆಯ ಕ್ರಮವನ್ನು ಸಂಗ್ರಹಿಸಿ ಹೇಳುವುದಾದರೆ: ಮೊದಲು ಬ್ರೇಕ್ ದ್ರವ ಮತ್ತು ಹೋಸ್, ಆಮೇಲೆ ಕ್ಯಾಲಿಪರಿನ ಶುಚಿತ್ವ ಮತ್ತು ಪ್ಯಾಡು, ಜೊತೆಗೇ ಟಯರು. ಉಕ್ಕಿನ ಹೋಸ್, ಹೆಚ್ಚು ಕಚ್ಚುವ ಪ್ಯಾಡುಗಳಂತಹ ಸುಧಾರಣೆಗಳು ಇವೆಲ್ಲ ಸರಿಯಾದ ಮೇಲೆ. ಬ್ರೇಕನ್ನು ಅದರ ಮೂಲ ಆರೋಗ್ಯಕ್ಕೆ ತರುವುದೇ ಹಳೆಯ ವಾಹನಕ್ಕೆ ಮಾಡಬಹುದಾದ ಅತಿ ದೊಡ್ಡ ಸುಧಾರಣೆ.

ಹಳೆಯ ವಾಹನದ ಮೇಲಿನ ಮಮತೆ ನಮ್ಮದು. ಅದು ಸಮಯಕ್ಕೆ ಸರಿಯಾಗಿ ನಿಲ್ಲಬೇಕೆಂಬ ಹಕ್ಕು ರಸ್ತೆಯಲ್ಲಿರುವ ಎಲ್ಲರದು. ಈ ಮಳೆಗಾಲ ಆರಂಭವಾಗುವ ಮುನ್ನ, ಮಕ್ಕಳ ಕೈಗೆ ಕೀಲಿಕೈ ಕೊಡುವ ಮುನ್ನ, ಒಂದು ಭಾನುವಾರದ ಬೆಳಗನ್ನು ಇದಕ್ಕಾಗಿ ಮೀಸಲಿಡೋಣ.